ನಡಿಗೆ ಕುಂದುವ ಕಾಯಿಲೆ: ಸಲಕರಣೆಗೆ ಮುಂಚೆಯೇ ತಯಾರಿ



ಮನೆಯಲ್ಲಿ ಮದುವೆ ಇದ್ದರೆ ಆರು ತಿಂಗಳ ಮೊದಲೇ ಲೆಕ್ಕ ಹಾಕುತ್ತೇವೆ. ಮಳೆಗಾಲಕ್ಕೆ ಮುಂಚೆ ಹಂಚು ಸರಿ ಮಾಡಿಸುತ್ತೇವೆ, ಸೌದೆ ಒಳಗೆ ಹಾಕುತ್ತೇವೆ. ಆದರೆ ಮನೆಯ ಒಬ್ಬರಿಗೆ ಕೈಕಾಲಿನ ಶಕ್ತಿ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುವ ಕಾಯಿಲೆ ಉಂಟು ಎಂದು ಡಾಕ್ಟರು ಹೇಳಿದ ಮೇಲೂ ವೀಲ್‌ಚೇರ್ ವಿಷಯ ಮಾತ್ರ ಯಾರೂ ಎತ್ತುವುದಿಲ್ಲ. "ಈಗಲೇ ಯಾಕೆ ಸಿಸ್ಟರ್, ಇನ್ನೂ ನಡೀತಾರಲ್ಲ" ಅನ್ನುತ್ತಾರೆ. ವೀಲ್‌ಚೇರ್ ಮನೆಗೆ ಬಂದರೆ ಕಾಯಿಲೆಯೂ ಕೂತುಬಿಡುತ್ತದೆ ಎಂಬ ಹೆದರಿಕೆ ಬೇರೆ. ಕುರ್ಚಿಯಿಂದ ಯಾವ ಕಾಯಿಲೆಯೂ ಹೆಚ್ಚಾಗುವುದಿಲ್ಲ. ಬಿದ್ದು ಸೊಂಟದ ಮೂಳೆ ಮುರಿದರೆ ಮಾತ್ರ, ಇದ್ದ ನಾಲ್ಕು ಹೆಜ್ಜೆಯೂ ಹೋಗುತ್ತದೆ.

ಇಂಥ ಕಾಯಿಲೆಗಳಲ್ಲಿ ನಮಗೆ ಹೆಚ್ಚು ಕಾಣಸಿಗುವುದು ಪಾರ್ಕಿನ್ಸನ್ ಮತ್ತು ಸ್ನಾಯು ಕ್ಷಯ, ಅಂದರೆ ಮಸ್ಕ್ಯುಲರ್ ಡಿಸ್ಟ್ರೋಫಿ. ಸ್ನಾಯು ಕ್ಷಯದಲ್ಲಿ ಡುಶೆನ್ ಎಂಬ ಬಗೆ ಹೆಚ್ಚಾಗಿ ಗಂಡುಮಕ್ಕಳಿಗೆ ಬರುತ್ತದೆ. ಮೂರರಿಂದ ಐದು ವರ್ಷದೊಳಗೆ ಮಗು ಪದೇ ಪದೇ ಬೀಳುತ್ತದೆ, ನೆಲದಿಂದ ಏಳುವಾಗ ತನ್ನ ತೊಡೆಯ ಮೇಲೆ ಕೈ ಊರಿ ಏಳುತ್ತದೆ, ಮೀನಖಂಡ ದಪ್ಪ ಕಾಣುತ್ತದೆ. ಸ್ನಾಯುವಿಗೆ ಬೇಕಾದ ಡಿಸ್ಟ್ರೋಫಿನ್ ಎಂಬ ಪ್ರೋಟೀನು ದೇಹದಲ್ಲಿ ತಯಾರಾಗದಿರುವುದೇ ಕಾರಣ. ಸಾಮಾನ್ಯವಾಗಿ ಹತ್ತು-ಹನ್ನೆರಡನೇ ವಯಸ್ಸಿಗೆ ನಡಿಗೆ ನಿಲ್ಲುತ್ತದೆ. ಸ್ಟೀರಾಯ್ಡ್ ಔಷಧಿಯಿಂದ ಕೆಲವರಲ್ಲಿ ಅದು ಮುಂದೆ ಹೋಗುತ್ತದೆ. ಇಲ್ಲೇ ಒಂದು ಮಾತು ಹೇಳಿಬಿಡುತ್ತೇನೆ. "ತಾಯಿಯಿಂದ ಬಂದ ರೋಗ" ಎಂದು ಸೊಸೆಯನ್ನು ದೂರುವ ಮನೆಗಳುಂಟು. ಇಂಥ ಮೂರು ಮಕ್ಕಳಲ್ಲಿ ಸುಮಾರು ಒಬ್ಬನ ತಾಯಿಯಲ್ಲಿ ಆ ದೋಷ ಇರುವುದೇ ಇಲ್ಲ, ಅದು ಮಗುವಿನಲ್ಲೇ ಹೊಸದಾಗಿ ಹುಟ್ಟಿದ್ದು. ಇದ್ದರೂ ಅವಳೇನು ಬೇಕೆಂದು ಕೊಟ್ಟದ್ದಲ್ಲ.

ಹತ್ತು-ಹನ್ನೆರಡು ವರ್ಷಕ್ಕೆ ನಡಿಗೆ ನಿಲ್ಲಬಹುದು ಎಂದು ಗೊತ್ತಾದರೆ ಎಂಟು-ಒಂಬತ್ತಕ್ಕೇ ತಯಾರಿ ಶುರುವಾಗಬೇಕು. ಮನೆಯೊಳಗೆ ನಡೆಯುವ ಮಗುವಿಗೂ ಶಾಲೆಯ ದೂರಕ್ಕೆ ಕುರ್ಚಿ ಕೊಡಬಹುದು. ದಾರಿಯಲ್ಲಿ ಸುಸ್ತಾಗದಿದ್ದರೆ ಪಾಠಕ್ಕೆ ಗಮನ ಉಳಿಯುತ್ತದೆ. ಕುರ್ಚಿ ಕೊಟ್ಟರೆ ನಡೆಯುವುದು ಬಿಟ್ಟುಬಿಡಬೇಕೆಂದು ಅರ್ಥವಲ್ಲ. ದಣಿವಿದ್ದಾಗ ಕುರ್ಚಿ, ಇಲ್ಲದಾಗ ಕಾಲು.

ಪಾರ್ಕಿನ್ಸನ್ ಇದ್ದವರ ಲೆಕ್ಕ ಬೇರೆ. ಅವರ ಹೆಜ್ಜೆ ಇದ್ದಕ್ಕಿದ್ದಂತೆ ನೆಲಕ್ಕೆ ಅಂಟಿದ ಹಾಗೆ ನಿಲ್ಲುತ್ತದೆ, ತಿರುಗುವಾಗ ಬೀಳುತ್ತಾರೆ. ಎತ್ತಿ ಎತ್ತಿ ಇಡುವ ವಾಕರ್ ಕೆಲವರಿಗೆ ನಡಿಗೆಯ ಲಯ ತಪ್ಪಿಸುತ್ತದೆ, ಚಕ್ರ ಮತ್ತು ಬ್ರೇಕ್ ಇದ್ದದ್ದು ಹೊಂದಬಹುದು. ಪಕ್ಕದ ಮನೆಯ ಅಜ್ಜನಿಗೆ ಸರಿಯಾಯಿತೆಂದು ಅದೇ ತರಬೇಡಿ. ಮೊದಲು ಫಿಸಿಯೋಥೆರಪಿಸ್ಟ್ ಮುಂದೆ ನಡೆದು ತೋರಿಸಲಿ.

2006ರ ನವೆಂಬರಿನಲ್ಲಿ ನಮ್ಮ ಬೆಂಗಳೂರಿನಲ್ಲೇ ವೀಲ್‌ಚೇರ್ ಬಗ್ಗೆ ಒಂದು ಅಂತರರಾಷ್ಟ್ರೀಯ ಸಮಾವೇಶ ನಡೆಯಿತು. ಅದರ ಮುಂದುವರಿಕೆಯಾಗಿ ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಮಾರ್ಗಸೂಚಿ ಹೊರಡಿಸಿತು. ಕುರ್ಚಿ ಹಂಚಿ ಫೋಟೋ ತೆಗೆದರೆ ಮುಗಿಯಲಿಲ್ಲ, ವ್ಯಕ್ತಿಯನ್ನು ನೋಡಬೇಕು, ಅಳತೆ ತೆಗೆಯಬೇಕು, ಕೂರಿಸಿ ಸರಿಪಡಿಸಬೇಕು, ಬಳಸಲು ಕಲಿಸಬೇಕು, ಆಮೇಲೆ ರಿಪೇರಿಗೂ ಸಿಗಬೇಕು ಎಂಬುದು ಅದರ ಸಾರ. ಬೆಂಗಳೂರಿನ ಮೊಬಿಲಿಟಿ ಇಂಡಿಯಾ ಸಂಸ್ಥೆ 1994ರಿಂದ ಈ ಕ್ಷೇತ್ರದಲ್ಲಿ ಕೆಲಸ ಮಾಡುತ್ತಿದೆ.

ಅಳತೆ ಯಾಕೆ ಅಷ್ಟು ಮುಖ್ಯ? ಬೆಳೆಯುವ ಮಗುವಿಗೆ ದೊಡ್ಡ ಅಂಗಿ ಹೊಲಿಸಿದ ಹಾಗೆ ದೊಡ್ಡ ಕುರ್ಚಿ ತರುತ್ತಾರೆ. ಅಗಲ ಸೀಟಿನಲ್ಲಿ ಮಗು ಒಂದು ಕಡೆಗೆ ವಾಲುತ್ತದೆ. ಡುಶೆನ್ ಮಕ್ಕಳಿಗೆ ನಡಿಗೆ ನಿಂತ ಮೇಲೆ ಬೆನ್ನೆಲುಬು ಬಾಗುವ ಅಪಾಯ ಮೊದಲೇ ಹೆಚ್ಚು. ಬೆನ್ನು ಬಾಗಿದರೆ ಉಸಿರಾಟಕ್ಕೂ ತೊಂದರೆ. ಕೂತಾಗ ಸೊಂಟದ ಎರಡೂ ಬದಿ ಒಂದೊಂದು ಬೆರಳು ಜಾಗ, ಮಂಡಿಯ ಹಿಂಬದಿಗೂ ಸೀಟಿನ ಅಂಚಿಗೂ ನಡುವೆ ಎರಡು ಬೆರಳು, ಪಾದ ಪೂರ್ತಿ ಪಾದಾನಿಯ ಮೇಲೆ. ಇಷ್ಟನ್ನು ನೀವೇ ನೋಡಬಹುದು. ದಿನವಿಡೀ ಕೂರುವವರಿಗೆ ಒಳ್ಳೆಯ ಕುಶನ್ ಬೇಕೇ ಬೇಕು, ಇಲ್ಲದಿದ್ದರೆ ಹುಣ್ಣಾಗುತ್ತದೆ.

ಇನ್ನು ಮನೆ. 18 ಇಂಚು ಸೀಟಿನ ಕುರ್ಚಿಯ ಒಟ್ಟು ಅಗಲ ಸುಮಾರು 25-26 ಇಂಚು. ನಮ್ಮ ಕಡೆ ಬಚ್ಚಲು ಕೋಣೆಯ ಬಾಗಿಲು ಎಷ್ಟೋ ಮನೆಗಳಲ್ಲಿ 24 ಇಂಚೇ ಇರುತ್ತದೆ. ಕುರ್ಚಿ ತಂದ ಮೇಲೆ ಇದು ಗೊತ್ತಾಗುವುದು! ಟೇಪ್ ಹಿಡಿದು ದಾರಂದದಿಂದ ದಾರಂದಕ್ಕೆ ಇವತ್ತೇ ಅಳೆಯಿರಿ. ಬಾಗಿಲು ಕಿತ್ತು ಪರದೆ ಹಾಕಿದರೆ ಒಂದೆರಡು ಇಂಚು ಸಿಗುತ್ತದೆ. ಅದೂ ಸಾಲದಿದ್ದರೆ ಸಣ್ಣ ಚಕ್ರದ, ಅಗಲ ಕಡಿಮೆ ಇರುವ ಕಮೋಡ್ ಕುರ್ಚಿ ನೋಡಬೇಕು.

ಇಳಿಜಾರಿಗೆ ಲೆಕ್ಕ ಸುಲಭ: ಒಂದು ಇಂಚು ಎತ್ತರಕ್ಕೆ ಒಂದು ಅಡಿ ಉದ್ದ. ಆರಾರು ಇಂಚಿನ ಮೂರು ಮೆಟ್ಟಿಲಿದ್ದರೆ 18 ಅಡಿ. ಅಷ್ಟು ಅಂಗಳ ಎಲ್ಲಿಂದ ಬರಬೇಕು ಎನ್ನುತ್ತೀರಿ. ಮಂಗಳೂರಿನಲ್ಲಿ ಗುಡ್ಡದ ಬದಿಗೆ ಕಟ್ಟಿದ ಮನೆಗಳೇ ಹೆಚ್ಚು, ಅಂಥ ಕಡೆ ಮುಂಬಾಗಿಲು ಎತ್ತರದಲ್ಲಿದ್ದರೂ ಹಿಂಬಾಗಿಲೋ ಅಡುಗೆ ಮನೆಯ ಬಾಗಿಲೋ ನೆಲಕ್ಕೆ ಹೆಚ್ಚು ಕಡಿಮೆ ಸಮ ಇರುತ್ತದೆ. ಮೇಸ್ತ್ರಿಯನ್ನು ಕರೆಯುವ ಮೊದಲು ಮನೆಗೆ ಒಂದು ಸುತ್ತು ಬನ್ನಿ. ಇಳಿಜಾರಿನ ಸಿಮೆಂಟು ನಯ ಮಾಡಿಸಬೇಡಿ, ಜೂನ್ ಬಂದರೆ ಪಾಚಿ ಕಟ್ಟುತ್ತದೆ. ಕಡಲ ಗಾಳಿಗೆ ಕುರ್ಚಿಯ ಕಬ್ಬಿಣವೂ ಬೇಗ ತುಕ್ಕು ಹಿಡಿಯುತ್ತದೆ. ಒದ್ದೆಯಾದರೆ ಒರೆಸಿಡಿ, ಚಕ್ರದ ನಡುವೆ ಆಗಾಗ ಎಣ್ಣೆ ಬಿಡಿ.

ಸರಕಾರದ ಸವಲತ್ತಿನಲ್ಲಿ ಮುಂದಾಲೋಚನೆ ಇಲ್ಲದೆ ಎಷ್ಟೋ ಜನ ಸಿಕ್ಕಿಹಾಕಿಕೊಳ್ಳುತ್ತಾರೆ. 1995ರ ಕಾಯ್ದೆಯಲ್ಲಿ ಏಳು ಬಗೆಯ ಅಂಗವೈಕಲ್ಯ ಮಾತ್ರ ಇತ್ತು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಅದು 21 ಆಯಿತು. ಸ್ನಾಯು ಕ್ಷಯ, ಪಾರ್ಕಿನ್ಸನ್, ಮಲ್ಟಿಪಲ್ ಸ್ಕ್ಲೆರೋಸಿಸ್ ಹೆಸರು ಹಿಡಿದೇ ಸೇರಿವೆ. ಆದ್ದರಿಂದ "ಇದು ಕಾಯಿಲೆ, ವೈಕಲ್ಯ ಅಲ್ಲ" ಎಂದು ಯಾರಾದರೂ ಹೇಳಿದರೆ ಸುಮ್ಮನೆ ಹಿಂದೆ ಬರಬೇಡಿ. ಯು.ಡಿ.ಐ.ಡಿ. ಕಾರ್ಡಿಗೆ ಆನ್‌ಲೈನ್ ಅರ್ಜಿ ಹಾಕಬೇಕು, ತಪಾಸಣೆಗೆ ನಮ್ಮವರು ವೆನ್‌ಲಾಕ್ ಆಸ್ಪತ್ರೆಗೆ ಹೋಗುತ್ತಾರೆ. ಹೆಚ್ಚಿನ ಸವಲತ್ತಿಗೆ ಶೇಕಡಾ 40 ಬೇಕು. ಇವತ್ತು 30 ಬಂದರೆ ಬೇಸರ ಬೇಡ, ಕಾಯಿಲೆ ಮುಂದುವರಿದಾಗ ಮರುಪರೀಕ್ಷೆ ಕೇಳಬಹುದು. ಹಳೆಯ ಚೀಟಿ, ರಿಪೋರ್ಟು ಒಂದೂ ಬಿಸಾಡಬೇಡಿ.

ಕೇಂದ್ರದ ಅಡಿಪ್ ಯೋಜನೆಯಲ್ಲಿ ತಿಂಗಳ ಆದಾಯ 22,500 ರೂಪಾಯಿವರೆಗೆ ಇದ್ದವರಿಗೆ ಸಲಕರಣೆ ಪೂರ್ತಿ ಉಚಿತ, 30,000ದವರೆಗೆ ಅರ್ಧ. ಆದರೆ ಒಮ್ಮೆ ತೆಗೆದುಕೊಂಡರೆ ಅದೇ ಉದ್ದೇಶಕ್ಕೆ 3 ವರ್ಷ ಮತ್ತೆ ಸಿಗುವುದಿಲ್ಲ, 12 ವರ್ಷದೊಳಗಿನ ಮಕ್ಕಳಿಗೆ 1 ವರ್ಷ. ಪುಕ್ಕಟೆ ಸಿಕ್ಕಿತೆಂದು ಶಿಬಿರದಲ್ಲಿ ಹೊಂದದ ಕುರ್ಚಿಗೆ ಸಹಿ ಹಾಕಿದರೆ ಮೂರು ವರ್ಷ ಅದರಲ್ಲೇ ಕೂರಬೇಕು! ಅಲ್ಲೇ ಕೂತು ನೋಡಿ, ಹೊಂದದಿದ್ದರೆ ಬೇಡ ಎನ್ನಿ, ಸರಿಯಾದ ಅಳತೆಯದ್ದು ಕೇಳಿ. 60 ದಾಟಿದ ಬಿ.ಪಿ.ಎಲ್. ಹಿರಿಯರಿಗೆ 2017ರಲ್ಲಿ ಶುರುವಾದ ರಾಷ್ಟ್ರೀಯ ವಯೋಶ್ರೀ ಯೋಜನೆಯೂ ಉಂಟು. ಅರ್ಜಿಯ ಕೆಲಸಕ್ಕೆ ಪಂಚಾಯತಿನಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ನಗರದಲ್ಲಿ ನಗರ ಪುನರ್ವಸತಿ ಕಾರ್ಯಕರ್ತರು ಇದ್ದಾರೆ, ಅವರನ್ನು ಕೇಳಿ.

ಸಂಘದಿಂದ ಏನು ಮಾಡಬಹುದು? ಕುರ್ಚಿ ಒಬ್ಬರ ಅಳತೆಗೆ ತಕ್ಕದ್ದು, ಹಂಚಿಕೊಳ್ಳುವುದು ಕಷ್ಟ. ಎತ್ತರ ಬದಲಿಸಬಹುದಾದ ವಾಕರ್, ಕಮೋಡ್ ಕುರ್ಚಿಯನ್ನು ಮಾತ್ರ ಒಂದು ಮನೆಗೆ ಮುಗಿದ ಮೇಲೆ ಇನ್ನೊಂದು ಮನೆಗೆ ಕೊಡಬಹುದು, ಇದನ್ನು ಠರಾವು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಿ. ಬಚ್ಚಲಿಗೆ ಹಿಡಿಕೆ, ಇಳಿಜಾರು ಇಂಥದ್ದಕ್ಕೆ ಸಣ್ಣ ಸಾಲ ಕೊಡುವಾಗ "ಇದರಿಂದ ಆದಾಯ ಏನು" ಎಂದು ಕೇಳುವವರಿದ್ದಾರೆ. ಗಂಡನನ್ನೋ ಮಗನನ್ನೋ ದಿನಕ್ಕೆ ಹತ್ತು ಸಲ ಎತ್ತಿ ಬೆನ್ನು ನೋಯಿಸಿಕೊಂಡವಳು ಬೀಡಿ ಕಟ್ಟಲೂ ಕೂರಲಾರಳು. ಆ ಲೆಕ್ಕವನ್ನೂ ಸಭೆಯಲ್ಲಿ ಹೇಳಿ.

ಮತ್ತೆ, ಇದನ್ನೆಲ್ಲ ಕಾಯಿಲೆಯವರನ್ನು ಬದಿಗಿಟ್ಟು ಮಾತಾಡಬೇಡಿ. ಯಾವ ಕುರ್ಚಿ, ಯಾವಾಗ ಎಂದು ಅವರನ್ನೇ ಕೇಳಿ, ಮಗುವಾದರೂ ಸರಿ. ಬಣ್ಣವನ್ನಾದರೂ ಅವನೇ ಆರಿಸಲಿ.