ಈಜು, ಸೈಕಲ್ಲು, ಓಟ: ಎಲ್ಲ ಒಂದೇ ದಿನ!

ಮಕ್ಕಳೇ, ಅಜ್ಜನನ್ನು ಕೇಳಿ ನೋಡಿ: ಹಾನಗಲ್ಲಿನಿಂದ ಹೊರಟು ಶಿಗ್ಗಾಂವಿ, ಸವಣೂರು, ಹಿರೇಕೆರೂರು ಸುತ್ತಿ ಒಂದೇ ದಿನದಲ್ಲಿ ಸೈಕಲ್ಲಿನ ಮೇಲೆ ಮನೆಗೆ ಬರಲಾದೀತೇ? ಹೆಚ್ಚುಕಡಿಮೆ ಅಷ್ಟು ದೂರ, ಅಂದರೆ 180 ಕಿ.ಮೀ. ತುಳಿಯುವುದು ‘ಐರನ್‌ಮ್ಯಾನ್’ ಟ್ರಯಥ್ಲಾನಿನ ನಡುವಿನ ಪಾಲು ಮಾತ್ರ. ಅದಕ್ಕೂ ಮೊದಲು 3.8 ಕಿ.ಮೀ. ಈಜಬೇಕು, ಆಮೇಲೆ 42.2 ಕಿ.ಮೀ. ಓಡಬೇಕು!

1978ರಲ್ಲಿ ಹವಾಯಿ ದ್ವೀಪದಲ್ಲಿ ಇದು ಶುರುವಾದಾಗ ಹೊರಟವರು 15 ಮಂದಿ, ಮುಗಿಸಿದವರು 12. ಹುಬ್ಬಳ್ಳಿಯಲ್ಲಿ ಮುಖ್ಯ ಕಚೇರಿ ಇರುವ ನೈಋತ್ಯ ರೈಲ್ವೆಯ ಅಧಿಕಾರಿ ಶ್ರೇಯಸ್ ಹೊಸೂರು 2022ರ ಜೂನ್‌ನಲ್ಲಿ ಜರ್ಮನಿಯ ಹ್ಯಾಂಬರ್ಗ್‌ನಲ್ಲಿ 13 ಗಂಟೆ 26 ನಿಮಿಷಗಳಲ್ಲಿ ಮುಗಿಸಿದರು. ಲೆಕ್ಕಪತ್ರ ನೋಡುವ ಕೆಲಸದವರು, ನೋಡಿ!

ಈಜು ಮೊದಲೇಕೆ? ದಣಿದ ಮೈಯಲ್ಲಿ ನೀರಿಗಿಳಿದರೆ ಮುಳುಗುವ ಭಯ. ಸೈಕಲ್ಲಿನಿಂದ ಇಳಿದೊಡನೆ ಓಡಹೋದರೆ ಕಾಲು ನಮ್ಮದೇ ಅಲ್ಲವೇನೋ ಅನ್ನಿಸುತ್ತದೆ. ಅದಕ್ಕೇ ತಯಾರಿಯಲ್ಲಿ ಇವೆರಡನ್ನೂ ಬೆನ್ನುಬೆನ್ನಿಗೆ ಮಾಡುತ್ತಾರೆ. ಹೊಟ್ಟೆಗೂ ಅಭ್ಯಾಸ ಬೇಕು: ತುಳಿಯುತ್ತಲೇ ಬಾಳೆಹಣ್ಣು ತಿನ್ನಬೇಕು, ಉಪ್ಪು ಬೆರೆಸಿದ ನೀರು ಕುಡಿಯಬೇಕು. ಹಸಿವಾಗುವವರೆಗೆ ಕಾದರೆ ತಡವಾಯಿತು. ಬಿಸಿಲಲ್ಲಿ ಹೊಲದ ಕೆಲಸ ಮಾಡಿದ ಅಜ್ಜಿಗೆ ಇದೇನು ಹೊಸದಲ್ಲ.

ಹಾನಗಲ್ಲಿನ ಆನೆಕೆರೆ ಕಂಡು ಈಜುವ ಆಸೆಯಾಯಿತೇ? ದೊಡ್ಡವರಿಲ್ಲದೆ ಕೆರೆಗಿಳಿಯಬೇಡಿ. ಈ ಭಾನುವಾರ ಸೈಕಲ್ಲಿಗೆ ಗಾಳಿ ಹಾಕಿಸಿ, ಪಕ್ಕದೂರಿನವರೆಗೆ ಹೋಗಿ ಬನ್ನಿ. ಅಜ್ಜನಿಗೆ ಹೇಳಿ ಹೋಗಿ.