ಕೊನೆಯ ಹತ್ತು ನಿಮಿಷದ ಹಾಡು

‘ಕುಂಗ್ ಫೂ ಫೈಟಿಂಗ್’ ಯಾರೂ ಹುಡುಕಿಕೊಂಡು ಹೋದ ಹಾಡಲ್ಲ. ಅದು ಸಿಕ್ಕಿದ್ದು ಸ್ಟುಡಿಯೊ ಬಿಟ್ಟು ಹೊರಡುವ ಹೊತ್ತಿಗೆ. ಅದರ ನಿರ್ಮಾಪಕ ಬಿದ್ದು ಅಪ್ಪಯ್ಯ ನಮ್ಮ ಕೊಡವರು. ಕೊಡಗು ಅಂದಕೂಡಲೇ ಜನರಲ್‌ಗಳನ್ನೂ ಹಾಕಿ ಆಟಗಾರರನ್ನೂ ಬೆರಳು ಮಡಿಸಿ ಎಣಿಸುವ ನಾವು ಈ ಹೆಸರಿಗೆ ಬರುವಷ್ಟರಲ್ಲಿ ಬೆರಳು ಮುಗಿದಿರುತ್ತವೆ!

ಬಿದ್ದು ಬೆಂಗಳೂರಿನಲ್ಲಿ ಬೆಳೆದವರು. ಗೆಳೆಯರ ಜೊತೆ ‘ಟ್ರೋಜನ್ಸ್’ ಎಂಬ ಬ್ಯಾಂಡ್ ಕಟ್ಟಿ, ಗಿಟಾರ್ ಹಿಡಿದು ಇಂಗ್ಲಿಷ್ ಪಾಪ್ ಹಾಡುತ್ತಿದ್ದರು. ಬ್ಯಾಂಡ್ ಒಡೆದ ಮೇಲೆ ಒಬ್ಬರೇ ಹಾಡಿದರು. 1967ರಲ್ಲಿ ಊರು ಬಿಟ್ಟು, ಮಧ್ಯಪ್ರಾಚ್ಯದ ದಾರಿಯಾಗಿ ಲಂಡನ್ ಸೇರಿದರು. ಅಲ್ಲಿ ಹೊಟ್ಟೆಪಾಡಿಗೆ ಬರ್ಗರ್ ಮಾಡುವ ಕೆಲಸವನ್ನೂ ಮಾಡಿದ್ದುಂಟು. 1969ರಲ್ಲಿ ಜಪಾನಿನ ‘ಟೈಗರ್ಸ್’ ತಂಡಕ್ಕೆ ಮಾಡಿಸಿದ ‘ಸ್ಮೈಲ್ ಫಾರ್ ಮಿ’ ಆ ದೇಶದಲ್ಲಿ ಗೆದ್ದಿತು. ಲಂಡನ್ನಿನಲ್ಲಿ ಮಾತ್ರ ಇನ್ನೂ ಯಾರೂ ಇವರನ್ನು ಕೇಳುವವರಿರಲಿಲ್ಲ.

1974ರಲ್ಲಿ ಜಮೈಕಾ ಮೂಲದ ಗಾಯಕ ಕಾರ್ಲ್ ಡಗ್ಲಸ್ ಜೊತೆ ಮೂರು ಗಂಟೆಯ ಅವಧಿಗೆ ಸ್ಟುಡಿಯೊ ಗೊತ್ತಾಯಿತು. ರೆಕಾರ್ಡಿನ ಎ ಸೈಡಿಗೆಂದು ಇಟ್ಟುಕೊಂಡಿದ್ದು ಬೇರೆಯೇ ಹಾಡು, ‘ಐ ವಾಂಟ್ ಟು ಗಿವ್ ಯೂ ಮೈ ಎವ್ರಿಥಿಂಗ್’. ಎರಡು ಗಂಟೆಗೂ ಹೆಚ್ಚು ಹೊತ್ತನ್ನು ಅದೇ ನುಂಗಿತು. ಇನ್ನು ಬಿ ಸೈಡಿಗೆ ಏನಾದರೂ ಬೇಕಲ್ಲ? ಡಗ್ಲಸ್ ತನ್ನ ಬಳಿ ಇದ್ದ ಸಾಹಿತ್ಯವನ್ನೆಲ್ಲ ಮುಂದಿಟ್ಟ. ಬಿದ್ದು ಒಂದನ್ನು ಆರಿಸಿ ಅಲ್ಲೇ ರಾಗ ಕೂಡಿಸಿದರು. ಬಿ ಸೈಡನ್ನು ಯಾರು ಕೇಳುತ್ತಾರೆ ಎಂಬ ಧೈರ್ಯದಲ್ಲಿ ಕರಾಟೆ ಹೊಡೆತದ ‘ಹೂ’, ‘ಹಾ’ಗಳನ್ನೂ ತುಂಬಿದರು. ಹತ್ತು ನಿಮಿಷ, ಎರಡು ಟೇಕ್, ಅಷ್ಟೇ.

ಪೈ ರೆಕಾರ್ಡ್ಸ್ ಕಂಪನಿಯ ರಾಬಿನ್ ಬ್ಲಾಂಚ್‌ಫ್ಲವರ್ ಎರಡನ್ನೂ ಕೇಳಿದವರೇ ಬಿ ಸೈಡಿನದೇ ಎ ಸೈಡಿಗೆ ಬರಲಿ ಎಂದು ಪಟ್ಟು ಹಿಡಿದರು. ನನ್ನ ಲೆಕ್ಕದಲ್ಲಿ ಹಾಡನ್ನು ಕಂಡುಹಿಡಿದವರು ಇವರೇ. ಮಾಡಿದವರಿಗೂ ಅದರ ಬೆಲೆ ತಿಳಿದಿರಲಿಲ್ಲ. ಮೊದಮೊದಲು ರೇಡಿಯೊದವರು ಅತ್ತ ತಲೆಹಾಕಲೇ ಇಲ್ಲ. ಹಾಡು ಹಬ್ಬಿದ್ದು ಡಾನ್ಸ್ ಕ್ಲಬ್ಬುಗಳಲ್ಲಿ. ಬ್ರೂಸ್ ಲೀ ಸಿನಿಮಾಗಳ ಹುಚ್ಚು ಊರೆಲ್ಲ ಹರಡಿದ್ದ ಕಾಲ ಬೇರೆ. ಸೆಪ್ಟೆಂಬರಿನಲ್ಲಿ ಬ್ರಿಟನ್ನಿನ ಪಟ್ಟಿಯಲ್ಲಿ ಮೊದಲ ಸ್ಥಾನ, ಡಿಸೆಂಬರಿನಲ್ಲಿ ಅಮೆರಿಕದಲ್ಲೂ ಮೊದಲ ಸ್ಥಾನ. ಮಾರಾಟ ಒಂದು ಕೋಟಿ ದಾಟಿತು.

ಆಮೇಲಿನದು ಬೇಗ ಹೇಳಬಹುದು. 1976ರಲ್ಲಿ ಬಿದ್ದು ನಿರ್ಮಾಣದಲ್ಲಿ ಟೀನಾ ಚಾರ್ಲ್ಸ್ ಹಾಡಿದ ‘ಐ ಲವ್ ಟು ಲವ್’ ಕೂಡ ಬ್ರಿಟನ್ನಿನಲ್ಲಿ ಮೊದಲ ಸ್ಥಾನಕ್ಕೇರಿತು. 1980ರಲ್ಲಿ ಫಿರೋಜ್ ಖಾನ್ ಅವರ ‘ಕುರ್ಬಾನಿ’ ಸಿನಿಮಾಕ್ಕೆ ಬಿದ್ದು ಮಾಡಿದ್ದು ಒಂದೇ ಹಾಡು, ‘ಆಪ್ ಜೈಸಾ ಕೋಯಿ’. ಉಳಿದ ಹಾಡುಗಳು ಕಲ್ಯಾಣ್‌ಜಿ ಆನಂದ್‌ಜಿ ಅವರದು. ಹಾಡಿದ ನಾಜಿಯಾ ಹಸನ್ ಶಾಲೆಗೆ ಹೋಗುವ ಹುಡುಗಿ. ಮರುವರ್ಷದ ‘ಡಿಸ್ಕೊ ದೀವಾನೆ’, 1995ರ ಅಲಿಶಾ ಚಿನಾಯ್ ಅವರ ‘ಮೇಡ್ ಇನ್ ಇಂಡಿಯಾ’ ಇವೂ ಬಿದ್ದು ಅವರವೇ. ಅದೇ ‘ಮೇಡ್ ಇನ್ ಇಂಡಿಯಾ’ ಹೆಸರಿನಲ್ಲಿ 2010ರಲ್ಲಿ ಅವರ ಆತ್ಮಕತೆ ಬಂದಿದೆ. ಕೊಡಗಿನ ಲೈಬ್ರರಿಗಳು ಒಂದೊಂದು ಪ್ರತಿಯನ್ನಾದರೂ ತರಿಸಿಡಲಿ.