ಬಾಡಿಗೆಗೆ ಓಡುವ ವಾಹನ: ವಿಮೆ ಇದ್ದೂ ಇಲ್ಲದಂತೆ!

ಬೆಂಗಳೂರು: ಹಗಲು ಕಚೇರಿಗೆ ಹೋಗಿಬರುವ ಸ್ಕೂಟರಿನಲ್ಲೇ ಸಂಜೆ ಮನೆಮನೆಗೆ ಊಟ ತಲುಪಿಸುವವರು ನಗರದಲ್ಲಿ ಸಾಕಷ್ಟಿದ್ದಾರೆ. ವಾಹನಕ್ಕೆ ವಿಮೆ ಇದೆ, ಪ್ರೀಮಿಯಂ ತಪ್ಪದೆ ಕಟ್ಟಿದ್ದೇವೆ ಎಂಬ ಧೈರ್ಯ ಅವರದು. ಆದರೆ ಅಪಘಾತ ಸಂಭವಿಸಿದಾಗ ಏಳುವ ಪ್ರಶ್ನೆಯೇ ಬೇರೆ: ವಾಹನ ಆಗ ಯಾವ ಕೆಲಸದ ಮೇಲಿತ್ತು?

ಪಾಲಿಸಿಯಲ್ಲಿ ಏನಿದೆ?

ಖಾಸಗಿ ವಾಹನದ ಪಾಲಿಸಿಯಲ್ಲಿ 'ಬಳಕೆಯ ಮಿತಿ' ಎಂಬ ಭಾಗವೊಂದಿರುತ್ತದೆ. ಬಾಡಿಗೆ ಅಥವಾ ಪ್ರತಿಫಲಕ್ಕಾಗಿ ಓಡಿಸುವುದು, ಸ್ವಂತ ಸಾಮಾನಿನ ಹೊರತು ಸರಕು ಸಾಗಿಸುವುದು ಸಾಮಾನ್ಯವಾಗಿ ಈ ಮಿತಿಯ ಹೊರಗೆ. ಊಟದ ಪೊಟ್ಟಣವೂ ಸರಕೇ ಎಂದು ವಿಮಾ ಕಂಪೆನಿ ವಾದಿಸಿ ಗೆದ್ದರೆ, ಜಖಂಗೊಂಡ ವಾಹನದ ದುರಸ್ತಿ ವೆಚ್ಚ ಮಾಲೀಕನ ತಲೆಗೇ ಬೀಳುತ್ತದೆ.

ಇದಕ್ಕಿಂತ ದೊಡ್ಡ ಅಪಾಯ ಬೇರೆಯವರಿಗೆ ಪೆಟ್ಟಾದಾಗಿನದು. ಪಾಲಿಸಿಯ ಷರತ್ತು ಮುರಿದ ಪ್ರಕರಣಗಳಲ್ಲಿ, ಗಾಯಾಳುವಿಗೆ ಕಂಪೆನಿ ಮೊದಲು ಪರಿಹಾರ ನೀಡಿ, ಬಳಿಕ ಆ ಹಣವನ್ನು ಮಾಲೀಕನಿಂದ ವಸೂಲು ಮಾಡಿಕೊಳ್ಳುವಂತೆ ನ್ಯಾಯಾಲಯಗಳು ಆದೇಶಿಸುವುದುಂಟು. ಆ ಮೊತ್ತ ಲಕ್ಷಗಳಲ್ಲಿರಬಹುದು.

ದರದಲ್ಲಿ ಎಷ್ಟು ವ್ಯತ್ಯಾಸ?

ವಾಣಿಜ್ಯ ವಿಮೆಯತ್ತ ಹಲವರು ಸುಳಿಯದಿರಲು ಕಾರಣ ಅದರ ದರ. 2022ರ ಜೂನ್ 1ರಿಂದ ಜಾರಿಗೆ ಬಂದ ದರಪಟ್ಟಿಯಂತೆ, 1000ದಿಂದ 1500 ಸಿ.ಸಿ. ಸಾಮರ್ಥ್ಯದ ಖಾಸಗಿ ಕಾರಿನ ಥರ್ಡ್ ಪಾರ್ಟಿ ವಿಮೆಗೆ ವರ್ಷಕ್ಕೆ 3,416 ರೂ. ಅದೇ ಸಾಮರ್ಥ್ಯದ ಟ್ಯಾಕ್ಸಿಗೆ 7,940 ರೂ. ಮೂಲ ದರ, ಜತೆಗೆ ಪ್ರತಿ ಪ್ರಯಾಣಿಕನ ಲೆಕ್ಕದಲ್ಲಿ 978 ರೂ. ನಾಲ್ವರು ಪ್ರಯಾಣಿಕರಿಗೆ ಒಟ್ಟು 11,852 ರೂ. ತೆರಿಗೆ ಪ್ರತ್ಯೇಕ. ಅಂದರೆ ಸುಮಾರು ಮೂರೂವರೆ ಪಟ್ಟು!

ಕಣ್ಣಿಗೆ ಕಾಣದ ಖರ್ಚು

ದಿನಕ್ಕೆ 100 ಕಿ.ಮೀ.ನಂತೆ ತಿಂಗಳಿಗೆ 25 ದಿನ ದುಡಿದರೆ ಸ್ಕೂಟರ್ ಓಡುವುದು 2,500 ಕಿ.ಮೀ. ಲೀಟರಿಗೆ 50 ಕಿ.ಮೀ. ಮೈಲೇಜ್, 100 ರೂ. ಬೆಲೆ ಎಂದಿಟ್ಟುಕೊಂಡರೂ ಪೆಟ್ರೋಲಿಗೇ 5,000 ರೂ. ಬೇಕು. ಇತರರು ಮೂರ್ನಾಲ್ಕು ತಿಂಗಳಿಗೊಮ್ಮೆ ಮಾಡಿಸುವ ಸರ್ವೀಸ್ ಇವರಿಗೆ ಹೆಚ್ಚುಕಡಿಮೆ ಪ್ರತಿ ತಿಂಗಳೂ ಬರುತ್ತದೆ. ಟೈರ್, ಬ್ರೇಕ್ ಸವೆತ ಬೇರೆ. ಆರ್ಡರ್ ಸಿಗುವ ಜಾಗಕ್ಕೆ ಬರಿಗೈಲಿ ಓಡಿದ ದೂರಕ್ಕೆ ಸಂಪಾದನೆ ಇಲ್ಲ, ಖರ್ಚು ಮಾತ್ರ ಇದೆ.

ಮನುಷ್ಯನಿಗೆ ರಕ್ಷಣೆ ಇಲ್ಲವೇ?

ಇದೆ, ಆದರೆ ಮಿತಿಯೊಂದಿಗೆ. ಮಾಲೀಕ-ಚಾಲಕನಿಗಿರುವ 15 ಲಕ್ಷ ರೂ. ವೈಯಕ್ತಿಕ ಅಪಘಾತ ವಿಮೆ ಸಾವು ಹಾಗೂ ಶಾಶ್ವತ ಅಂಗವೈಕಲ್ಯಕ್ಕೆ ಸಂಬಂಧಿಸಿದ್ದು. ಕಾಲು ಮುರಿದು ಎರಡು ತಿಂಗಳು ಮಲಗಿದವನ ದುಡಿಮೆಯನ್ನು ಅದು ತುಂಬಿಕೊಡದು. ಅಣ್ಣನ ಹೆಸರಿನ ಬೈಕ್ ಓಡಿಸುವ ತಮ್ಮನಿಗೂ ಅದು ಅನ್ವಯಿಸದು.

ರಾಜ್ಯ ಸರ್ಕಾರ 2025ರಲ್ಲಿ ಗಿಗ್ ಕಾರ್ಮಿಕರಿಗಾಗಿ ಕಾಯ್ದೆ ತಂದಿದೆ. ಪ್ರತಿ ವಹಿವಾಟಿನಲ್ಲಿ ಕಾರ್ಮಿಕನಿಗೆ ಸಲ್ಲುವ ಮೊತ್ತದ ಶೇ 1ರಿಂದ 5ರವರೆಗೆ ಕಲ್ಯಾಣ ಶುಲ್ಕವನ್ನು ಕಂಪೆನಿಗಳಿಂದ ಪಡೆಯಲು ಅದರಲ್ಲಿ ಅವಕಾಶವಿದೆ. ಆದರೆ ಇದು ಕಾರ್ಮಿಕನ ಸಾಮಾಜಿಕ ಭದ್ರತೆಗೆ. ವಾಹನದ ಪಾಲಿಸಿಯಲ್ಲಿನ ಕೊರತೆ ಹಾಗೆಯೇ ಉಳಿಯುತ್ತದೆ.

ಏನು ಮಾಡಬೇಕು?

ವಾಹನದ ನಿಜವಾದ ಬಳಕೆಯನ್ನು ವಿಮಾ ಕಂಪೆನಿಗೆ ತಿಳಿಸಿ, ರಕ್ಷಣೆ ಇದೆಯೇ ಎಂಬುದಕ್ಕೆ ಲಿಖಿತ ಉತ್ತರ ಪಡೆಯುವುದು ಮೊದಲ ಹೆಜ್ಜೆ. ಕೆಲಸ ಕೊಡುವ ಕಂಪೆನಿಯ ಅಪಘಾತ ವಿಮೆ ಯಾವ ವೇಳೆಗೆ, ಯಾರಿಗೆ ಅನ್ವಯ ಎಂಬುದನ್ನೂ ವಿಚಾರಿಸಬೇಕು. ಹೆಚ್ಚುವರಿ ಪ್ರೀಮಿಯಂ, ಸವಕಳಿ ಎರಡನ್ನೂ ಕಳೆದ ಮೇಲೆ ಕೈಯಲ್ಲಿ ಉಳಿಯುವುದೇ ನಿಜವಾದ ಸಂಪಾದನೆ.